ಪದ ಪರಿಚಯ: ಕಮಾಂಡ್ ಸೀಕ್ವೆನ್ಸ್

ತೀರ್ಥಹಳ್ಳಿ ಕಡೆಯ ನಮ್ಮ ಅತ್ತೆ ಮನೆಯಲ್ಲಿ ಇವತ್ತಿಗೂ ಫೋನ್ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಅಡಿಕೆ ಕೊಯ್ಲಿನ ಹೊತ್ತಲ್ಲಿ ಅತ್ತೆ ಎರಡು ದಿನ ಊರು ಬಿಡಬೇಕಾದರೆ, ಒಂದು ಚೀಟಿ ಬರೆದು ಅಡುಗೆಮನೆ ಬಾಗಿಲಿಗೆ ಸಿಕ್ಕಿಸಿ ಹೋಗುತ್ತಾರೆ. ‘ಎಂಟಕ್ಕೆ ಅಡಿಕೆ ಅಂಗಳದಲ್ಲಿ ಹರಡು. ಐದಕ್ಕೆ ರಾಶಿ ಮಾಡು. ಮೋಡ ಕಟ್ಟಿದರೆ ಗಂಟೆ ನೋಡಬೇಡ, ಟಾರ್ಪಾಲು ಹೊದಿಸು.’

ಬಾಹ್ಯಾಕಾಶ ನೌಕೆಗೆ ಕಳಿಸುವ ಇಂಥದೇ ಚೀಟಿಗೆ ಕಮಾಂಡ್ ಸೀಕ್ವೆನ್ಸ್ ಅನ್ನುತ್ತಾರೆ. ಯಾವ ಹೊತ್ತಿಗೆ ಯಾವ ಕೆಲಸ ಅನ್ನುವ ಪಟ್ಟಿ. ಕನ್ನಡದಲ್ಲಿ ‘ಆದೇಶ ಸರಣಿ’ ಅನ್ನಬಹುದು. ನನಗೇನೋ ಅದು ಸರ್ಕಾರಿ ಸುತ್ತೋಲೆ ಥರ ಕೇಳುತ್ತದೆ.

ಚೀಟಿ ಯಾಕೆ ಬೇಕು? ದೂರ. ರೇಡಿಯೋ ಸಿಗ್ನಲ್ ಮಂಗಳ ಮುಟ್ಟಲು ಸುಮಾರು 3ರಿಂದ 22 ನಿಮಿಷ ಬೇಕು. ‘ಎಡಕ್ಕೆ ತಿರುಗು’ ಅನ್ನುವಷ್ಟರಲ್ಲಿ ಅಲ್ಲಿ ಓಡಾಡುವ ಗಾಡಿ ಕಲ್ಲಿಗೆ ಗುದ್ದಿ ಆಗಿರುತ್ತದೆ. 2014ರ ಸೆಪ್ಟೆಂಬರ್ 24ರಂದು ನಮ್ಮ ಮಂಗಳಯಾನ ಅಲ್ಲಿಗೆ ಮುಟ್ಟಿದಾಗ ಸಿಗ್ನಲ್ ಬರಲು ಸುಮಾರು 12 ನಿಮಿಷ ಹಿಡಿಯುತ್ತಿತ್ತು. ವೇಗ ತಗ್ಗಿಸಲು ಎಂಜಿನ್ ಸುಮಾರು 24 ನಿಮಿಷ ಉರಿಯಬೇಕಿತ್ತು. ಅದರಲ್ಲಿ ಜಾಸ್ತಿ ಹೊತ್ತು ನೌಕೆ ಮಂಗಳದ ಮರೆಯಲ್ಲಿತ್ತು. ಬೆಂಗಳೂರಲ್ಲಿ ಕೂತವರು ಕೈಕಟ್ಟಿ ಕಾಯಬೇಕು, ಅಷ್ಟೇ. ತಿರುಗು, ಉರಿಸು, ನಿಲ್ಲಿಸು, ಮತ್ತೆ ಭೂಮಿ ಕಡೆ ಮುಖ ಮಾಡು ಅನ್ನುವುದೆಲ್ಲ ದಿನಗಳ ಮೊದಲೇ ನೌಕೆಗೆ ಹೋಗಿತ್ತು.

ಪಟ್ಟಿ ಬರೆಯುವುದು ಸುಲಭ, ತಾಳೆ ಹೊಂದಿಸುವುದು ಕಷ್ಟ. ಅತ್ತೆ ಒಮ್ಮೆ ‘ಒಂಬತ್ತಕ್ಕೆ ಅಡಿಕೆ ಬೇಯಿಸಲು ಇಡು, ಹತ್ತಕ್ಕೆ ಎರಡನೇ ಸಲದ್ದು ಇಡು’ ಅಂತ ಬರೆದಿದ್ದರು. ಇರುವುದು ಒಂದೇ ಹಂಡೆ! ನೌಕೆಯಲ್ಲೂ ಹೀಗೇ. ಕ್ಯಾಮೆರಾ ಗ್ರಹದ ಕಡೆ ತಿರುಗಿದರೆ ಆಂಟೆನಾ ಭೂಮಿ ಕಡೆ ಇರದೆ ಹೋಗಬಹುದು. ನೆರಳಿಗೆ ಹೋದರೆ ಬ್ಯಾಟರಿಯೇ ಗತಿ. ಫೋಟೋ ತೆಗೆಯಿರಿ ಅಂತ ವಿಜ್ಞಾನಿಗಳು ಕೇಳುತ್ತಲೇ ಇರುತ್ತಾರೆ, ಮೆಮೊರಿ ತುಂಬಿರುತ್ತದೆ.

ಅದಕ್ಕೇ ಚೀಟಿ ಕಳಿಸುವ ಮೊದಲು ಸಿಮ್ಯುಲೇಶನ್. ಕಂಪ್ಯೂಟರಿನೊಳಗೆ ನೌಕೆಯ ಒಂದು ನಕಲು ಇರುತ್ತದೆ. ಸೀಕ್ವೆನ್ಸನ್ನು ಮೊದಲು ಅದಕ್ಕೆ ಕೊಟ್ಟು ಓಡಿಸುತ್ತಾರೆ. ಬ್ಯಾಟರಿ ಎಲ್ಲಿಗೆ ಇಳಿಯಿತು, ಯಾವ ಎರಡು ಕೆಲಸ ಡಿಕ್ಕಿ ಹೊಡೆದವು ಅಂತ ಅಲ್ಲೇ ಗೊತ್ತಾಗುತ್ತದೆ. ಕೆಲವರು ನಿಜವಾದ ಜೋಡಿಯನ್ನೇ ಇಟ್ಟುಕೊಂಡಿರುತ್ತಾರೆ. ಮಂಗಳದಲ್ಲಿ ಓಡಾಡುವ ನಾಸಾದ ಪರ್ಸೆವೆರೆನ್ಸ್ ರೋವರ್‌ಗೆ ಕ್ಯಾಲಿಫೋರ್ನಿಯಾದಲ್ಲಿ ಆಪ್ಟಿಮಿಸಂ ಅನ್ನುವ ಅವಳಿ ಇದೆ.

ಚೀಟಿಯ ಆ ಮೋಡದ ಸಾಲು ಇದೆಯಲ್ಲ, ಅದಕ್ಕೂ ಹೆಸರಿದೆ: ಸೇಫ್ ಮೋಡ್. ಏನೋ ಎಡವಟ್ಟಾಯಿತು ಅನ್ನಿಸಿದರೆ ನೌಕೆ ಪಟ್ಟಿ ಬಿಟ್ಟು, ಬೇಡದ್ದೆಲ್ಲ ಆರಿಸಿ, ಸೋಲಾರ್ ಫಲಕಕ್ಕೆ ಬಿಸಿಲು ಬೀಳುವಂತೆ ತಿರುಗಿ, ಭೂಮಿಯ ಮಾತಿಗೆ ಕಾಯುತ್ತದೆ.

ತಾಲೀಮು ಯಂತ್ರಕ್ಕಷ್ಟೇ ಅಲ್ಲ, ಜನಕ್ಕೂ ಇದೆ. ಕಂಟ್ರೋಲ್ ರೂಮಿನವರ ಪರದೆಗೆ ಸುಳ್ಳು ಮಾಹಿತಿ ಬಿಟ್ಟು, ನಡುವೆ ಹೇಳದೇ ಕೇಳದೇ ಒಂದು ದೋಷ ತೂರಿಸುತ್ತಾರೆ. ಅತ್ತೆಯೂ ಕಳೆದ ಸಲ ಹೊರಡುವ ಮುಂಚೆ ನನ್ನನ್ನು ನಿಲ್ಲಿಸಿದರು. ‘ಈಗ ಮೋಡ ಬಂತು ಅಂದ್ಕೋ. ಟಾರ್ಪಾಲು ತಗೊಂಡು ಬಾ, ನೋಡೋಣ.’ ಅಟ್ಟ ಹತ್ತಿ ಹುಡುಕಿದೆ, ಇರಲಿಲ್ಲ.

‘ಅಯ್ಯೋ, ಪಕ್ಕದ ಮನೆಗೆ ಕೊಟ್ಟಿದ್ದೆ ಮಾರಾಯ’ ಅಂದರು ಅತ್ತೆ.