ಕಾರ್ವಿನ್ ಜೇಮ್ಸ್: ಎರಡು 9-3ರ ಲೆಕ್ಕ

ರಗ್ಬಿ ಕೋಚ್‌ಗಳ ಬಗ್ಗೆ ಓದುವಾಗ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದವರು ವೇಲ್ಸ್‌ನ ಕಾರ್ವಿನ್ ಜೇಮ್ಸ್. ಹುಟ್ಟಿದ್ದು 1929ರಲ್ಲಿ, ಕೆವ್‌ನೈಥಿನ್ ಎಂಬ ಗಣಿ ಹಳ್ಳಿಯಲ್ಲಿ. ತಂದೆ ಕಲ್ಲಿದ್ದಲು ಗಣಿಯ ಕೆಲಸಗಾರ. ಮಗ ವೆಲ್ಷ್ ಭಾಷೆಯ ಮೇಷ್ಟ್ರಾದರು.

ಆಟಗಾರನಾಗಿ ದೇಶಕ್ಕೆ ಆಡಿದ್ದು ಬರೀ 2 ಪಂದ್ಯ, ಎರಡೂ 1958ರಲ್ಲಿ. ಅವರದು ಫ್ಲೈ-ಹಾಫ್ ಜಾಗ. ಚೆಂಡು ಕೈಗೆ ಬಂದ ಕೂಡಲೇ ಓಡಬೇಕೋ, ಪಾಸ್ ಮಾಡಬೇಕೋ, ಒದೆಯಬೇಕೋ ಎಂದು ತೀರ್ಮಾನಿಸುವವನೇ ಫ್ಲೈ-ಹಾಫ್. ಆದರೆ ಆ ಕಾಲಕ್ಕೆ ಆ ಜಾಗ ಕ್ಲಿಫ್ ಮಾರ್ಗನ್ ಅವರದು. ಎರಡನೇ ಪಂದ್ಯದಲ್ಲಂತೂ ಜೇಮ್ಸ್ ಬೇರೆ ಜಾಗದಲ್ಲಿ ಆಡಬೇಕಾಯಿತು.

1971ರಲ್ಲಿ ಅವರು ಬ್ರಿಟಿಷ್ ಲಯನ್ಸ್ ಕೋಚ್ ಆದರು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ನಾಲ್ಕೂ ಕಡೆಯ ಆಟಗಾರರು ಸೇರಿ ಪ್ರವಾಸ ಹೋಗುವ ತಂಡ ಇದು. ನ್ಯೂಜಿಲೆಂಡ್‌ನಲ್ಲಿ 4 ಟೆಸ್ಟ್ ಆಡಿ 2 ಗೆದ್ದರು, 1 ಸೋತರು, 1 ಡ್ರಾ. ಅಲ್ಲಿ ಲಯನ್ಸ್ ಗೆದ್ದಿರುವ ಸರಣಿ ಇದೊಂದೇ. ತಂಡದ ಮ್ಯಾನೇಜರ್ ಡಗ್ ಸ್ಮಿತ್ ಇದೇ ಫಲಿತಾಂಶವನ್ನು ಮೊದಲೇ ಹೇಳಿದ್ದರಂತೆ. ಸುಮ್ನೆ ಬಾಯಿಗೆ ಬಂದದ್ದೋ ಏನೋ! ನಾಲ್ಕು ಟೆಸ್ಟ್‌ಗಳ 48 ಅಂಕದಲ್ಲಿ 30 ಗಳಿಸಿದ್ದು ಬ್ಯಾರಿ ಜಾನ್. ಅವರೂ ಕೆವ್‌ನೈಥಿನ್‌ನವರೇ, ಅವರೂ ಫ್ಲೈ-ಹಾಫೇ.

ಈಗ ಪರೀಕ್ಷೆಗೆ ಕೇಳಬಹುದಾದ ಲೆಕ್ಕ. ಡುನೆಡಿನ್‌ನ ಮೊದಲ ಟೆಸ್ಟ್ ಅನ್ನು ಲಯನ್ಸ್ 9-3ರಿಂದ ಗೆದ್ದಿತು. ಮರುವರ್ಷ, 1972ರ ಅಕ್ಟೋಬರ್ 31ರಂದು, ಜೇಮ್ಸ್ ಕೋಚ್ ಆಗಿದ್ದ ವೇಲ್ಸ್‌ನ ಕ್ಲಬ್ ಲಾನೆಲಿ ಅದೇ ಆಲ್ ಬ್ಲ್ಯಾಕ್ಸ್ (ನ್ಯೂಜಿಲೆಂಡ್) ತಂಡವನ್ನು ಸೋಲಿಸಿತು. ಅದೂ 9-3. (ಲಾನೆಲಿಯ ಮೊದಲ ಅಕ್ಷರದ ಸದ್ದು ಕನ್ನಡದಲ್ಲಿ ಇಲ್ಲವೇ ಇಲ್ಲ, ಬರೆದದ್ದಕ್ಕೆ ಕ್ಷಮಿಸಿ.)

ಅಂಕ ಒಂದೇ, ಕೂಡಿದ ಬಗೆ ಬೇರೆ. ಎದುರಾಳಿಯ ಗೋಲ್ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತುವುದೇ ಟ್ರೈ; 1971ರ ಪ್ರವಾಸದಲ್ಲಿ ಅದಕ್ಕೆ 3 ಅಂಕ ಇತ್ತು. ಹಾಗಾಗಿ ಒಂದು ಟ್ರೈ 3, ಎರಡು ಪೆನಾಲ್ಟಿ ಕಿಕ್ (ಎದುರಾಳಿಯ ತಪ್ಪಿಗೆ ಸಿಗುವ ಒದೆತ) 6. ಆಮೇಲೆ ಟ್ರೈ ಬೆಲೆ 4ಕ್ಕೆ ಏರಿತು. ಲಾನೆಲಿಯದು ಟ್ರೈ 4, ಕನ್ವರ್ಷನ್ (ಟ್ರೈ ಆದ ಮೇಲೆ ಸಿಗುವ ಒದೆತ) 2, ಪೆನಾಲ್ಟಿ 3. ನಿಯಮ ಬದಲಾದದ್ದು ಗೊತ್ತಿಲ್ಲದಿದ್ದರೆ ಈ ಲೆಕ್ಕ ಕೂಡುವುದೇ ಇಲ್ಲ, ಅಲ್ವಾ?

ಇನ್ನೂ ಸ್ವಾರಸ್ಯ ಇದೆ. ಎರಡೂ ಟ್ರೈ ಬಂದದ್ದು ಒಂದೇ ರೀತಿ. ನ್ಯೂಜಿಲೆಂಡ್ ಆಟಗಾರ ಚೆಂಡನ್ನು ದೂರ ಒದೆಯಲು ಹೋದಾಗ ಮೈಯೊಡ್ಡಿ ತಡೆದರು, ಸಿಡಿದ ಚೆಂಡಿನ ಮೇಲೆ ಬಿದ್ದರು. ಡುನೆಡಿನ್‌ನಲ್ಲಿ ಇಯಾನ್ ಮೆಕ್‌ಲಾಕ್ಲನ್, ಲಾನೆಲಿಯಲ್ಲಿ ರಾಯ್ ಬರ್ಜಿಯರ್ಸ್. ಒಂದು ಸಲವಾದರೆ ಅದೃಷ್ಟ ಅನ್ನಬಹುದು. ಎರಡು ಸಲ ಆದಾಗ ನನಗಂತೂ ಕೋಚ್ ನೆನಪಾಗುತ್ತಾರೆ.

ಇಷ್ಟೆಲ್ಲ ಗೆದ್ದವರು ವೇಲ್ಸ್ ತಂಡದ ಕೋಚ್ ಆಗಲೇ ಇಲ್ಲ. 1974ರಲ್ಲಿ ಆ ಜಾಗ ಖಾಲಿಯಾದಾಗ, ಆಟಗಾರರ ಆಯ್ಕೆಯಲ್ಲೂ ಕೋಚ್ ಮಾತೇ ನಡೆಯಬೇಕು ಎಂಬುದು ಅವರ ನಿಲುವು. ವೇಲ್ಸ್‌ನ ರಗ್ಬಿ ಸಂಸ್ಥೆಗೆ ಅದು ಹಿಡಿಸಲಿಲ್ಲ. ಕೆಲಸ ಸಿಕ್ಕಿದ್ದು ಅವರ ಲಯನ್ಸ್ ತಂಡದ ನಾಯಕ ಜಾನ್ ಡಾಸ್‌ಗೆ. ಜೇಮ್ಸ್ ಇಟಲಿಗೆ ಹೋಗಿ, ರೊವೀಗೊ ಕ್ಲಬ್‌ಗೆ 1979ರಲ್ಲಿ ಅಲ್ಲಿನ ಚಾಂಪಿಯನ್ ಪಟ್ಟ ತಂದುಕೊಟ್ಟರು.