ಗುಂಡೆಲ್ಲ ಎಲ್ಲಿಗೆ ಹೋತು?

ಶಿರಸಿ ಕಡೆ ಗುಡ್ಡದ ಮಗ್ಗುಲು ಕಡಿದು ಸಮ ಮಾಡಿಕೊಂಡೇ ಮನೆ ಕಟ್ಟಬೇಕು. ಹಾಗಾಗಿ ಹೆಚ್ಚಿನ ಮನೆಗಳ ಹಿಂದೆ ಆಳೆತ್ತರದ ಕೆಂಪು ಧರೆ ನಿಂತಿರುತ್ತದೆ. ನಮ್ಮ ಮನೆಯದೂ ಹಾಗೇ. ಧರೆಯ ಬುಡದಲ್ಲಿ ನಾಲ್ಕು ಮೀಟರ್ ಉದ್ದ, ಒಂದು ಮೀಟರ್ ಅಗಲದ ಹರಿವೆ ಮಡಿ. ಅದರ ಮೇಲೆ, ಎದೆಯೆತ್ತರಕ್ಕೆ, ಧರೆಗೆ ಗೂಟ ಬಡಿದು ಸಿಕ್ಕಿಸಿದ ರಟ್ಟು. ಭಾನುವಾರ ಬೆಳಿಗ್ಗೆ ದೋಸೆ ತಿಂದು, ಕವಳ ಹಾಕಿ, ಹತ್ತು ಮೀಟರ್ ಈಚೆಯ ಕೊಟ್ಟಿಗೆ ಕಟ್ಟೆಯ ಮೇಲೆ ಕೂತು ಆ ರಟ್ಟಿಗೆ ಏರ್‌ಗನ್ನಿನಿಂದ ಅರವತ್ತು ಗುಂಡು ಹೊಡೆಯುವುದು ಎರಡು ವರ್ಷದಿಂದ ನನಗೆ ಹಿಡಿದ ಹುಚ್ಚು. ತರಕಾರಿಯ ಹುಚ್ಚು ಅದಕ್ಕಿಂತ ಹಳೆಯದು, ಅಮ್ಮನಿಂದ ಬಂದದ್ದು.

ಏರ್‌ಗನ್ ತಂದ ದಿನ ಪಕ್ಕದ ಮನೆಯ ಹಿರಿಯರು ಕೇಳಿದ್ದು ಒಂದೇ: "ಮಂಗ ಓಡ್ಸಲೆ ತಂದ್ಯನೋ ತಮಾ?" ನಮ್ಮಲ್ಲಿ ಬಂದೂಕು ಅಂದರೆ ಬೆಳೆ ಕಾಯುವ ಕೋವಿ. ಚುನಾವಣೆ ಘೋಷಣೆಯಾದ ಕೂಡಲೇ ಪೊಲೀಸ್ ಠಾಣೆಗೆ ಹೊತ್ತುಕೊಂಡು ಹೋಗಿ ಒಪ್ಪಿಸಿ ಬರಬೇಕಾದ ವಸ್ತು. ಮೋಜಿಗೆ ಗುರಿ ಹೊಡೆಯುತ್ತೇನೆ ಎಂದರೆ ಅವರಿಗೆ ನಗು. ನನ್ನ ಗನ್ನಿಗೆ ಮಂಗವೂ ಗುರಿಯಲ್ಲ, ಹಕ್ಕಿಯೂ ಅಲ್ಲ. ಬಸಳೆ ಚಪ್ಪರ ಹಾಳು ಮಾಡುವ ನವಿಲಿನ ಮೇಲೆ ಎಷ್ಟೇ ಸಿಟ್ಟು ಬರಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದರ ಬೆನ್ನಿಗಿದೆ. ಕಾಯ್ದೆ ಇಲ್ಲದಿದ್ದರೂ ಇದರ ಗುಂಡು ಪ್ರಾಣಿಯನ್ನು ಕೊಲ್ಲುವುದಕ್ಕಿಂತ ಗಾಯ ಮಾಡಿ ನರಳಿಸುವುದೇ ಹೆಚ್ಚು.

ನೋಡಲು ಬಂದವರೆಲ್ಲ ಕೇಳುತ್ತಿದ್ದದ್ದು "ಎಷ್ಟು ಬಿತ್ತು?" ಎಂದು. ಅರಣ್ಯ ಕಾಲೇಜಿನಲ್ಲಿ ಓದುವ ತಂಗಿಯ ಮಗಳು ಮಾತ್ರ ರಟ್ಟು ನೋಡಿದಳು, ಅದರ ಕೆಳಗಿನ ಮಡಿ ನೋಡಿದಳು, ಆಮೇಲೆ ಕೇಳಿದಳು: "ಮಾವಾ, ಗುಂಡೆಲ್ಲ ಎಲ್ಲಿಗೆ ಹೋತು?"

ಎರಡು ವರ್ಷದಲ್ಲಿ ಈ ಪ್ರಶ್ನೆ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಗುಂಡಿನ ಕಥೆ ರಟ್ಟಿನ ತೂತಿಗೇ ಮುಗಿಯಿತು ಅಂದುಕೊಂಡಿದ್ದೆ.

ಆ ಕಥೆಯ ಮೊದಲ ಭಾಗ ನಿಜಕ್ಕೂ ಸೊಗಸು, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಏರ್‌ಗನ್ನಿನಲ್ಲಿ ಮದ್ದು ಇಲ್ಲ. ನಳಿಗೆಯನ್ನು ಮಡಚಿದಾಗ ಒಳಗಿನ ಸ್ಪ್ರಿಂಗ್ ಹಿಂದಕ್ಕೆ ಒತ್ತಿಕೊಳ್ಳುತ್ತದೆ. ಕುದುರೆ ಎಳೆದರೆ ಅದು ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ, ಅದರ ಮುಂದಿದ್ದ ಗಾಳಿ ಹಿಂಡಿಕೊಂಡು ಗುಂಡನ್ನು ಒದೆಯುತ್ತದೆ. ಸೈಕಲ್ ಪಂಪಿನ ತತ್ವವೇ, ಕೋಪ ಜಾಸ್ತಿ ಅಷ್ಟೆ. ನನ್ನ ಗನ್ನಿನ ಗುಂಡು ಸುಮಾರು ಅರ್ಧ ಗ್ರಾಂ ತೂಕದ್ದು, ಸೆಕೆಂಡಿಗೆ 170 ಮೀಟರ್ ಆಸುಪಾಸಿನ ವೇಗದಲ್ಲಿ ಹೊರಬೀಳುತ್ತದೆ. ಲೆಕ್ಕ ಹಾಕಿದರೆ ಶಕ್ತಿ 7 ಜೌಲ್: ಒಂದು ಕಿಲೋ ಜೋನಿಬೆಲ್ಲದ ಡಬ್ಬಿ ಮುಕ್ಕಾಲು ಮೀಟರ್ ಎತ್ತರದ ನಾಗಂದಿಗೆಯಿಂದ ಬಿದ್ದಷ್ಟು. ಡಬ್ಬಿ ಬಿದ್ದರೆ ಕಾಲಿಗೆ ನೋವು, ಆದರೆ ಅಷ್ಟೇ ಶಕ್ತಿ 4.5 ಮಿಲಿಮೀಟರ್ ಅಗಲದ ಜಾಗದಲ್ಲಿ ನಾಟಿದರೆ ಕಣ್ಣು ಹೋಗುತ್ತದೆ. ನಳಿಗೆಯ ಅಗಲ 4.5 ಮಿಲಿಮೀಟರ್, ಶಕ್ತಿ 20 ಜೌಲ್ ಮೀರದ ಏರ್‌ಗನ್ನಿಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ. ಹಾಗೆಂದು ಅದು ಮಕ್ಕಳ ಆಟಿಕೆಯಲ್ಲ. ಗುರಿಯ ಹಿಂದೆ ಧರೆಯಂಥ ಮಣ್ಣು ಇರಲೇಬೇಕು. ಚಿರೇಕಲ್ಲಿನ ಗೋಡೆಯಾದರೆ ಗುಂಡು ಸಿಡಿದು ವಾಪಸ್ ಬರಬಹುದು.

ಹತ್ತು ಮೀಟರ್ ದಾಟಲು ಗುಂಡಿಗೆ ಸೆಕೆಂಡಿನ ಹದಿನೇಳನೇ ಒಂದು ಭಾಗ ಸಾಕು. ಅಷ್ಟರಲ್ಲೇ ಭೂಮಿ ಅದನ್ನು ಒಂದೂವರೆ ಸೆಂಟಿಮೀಟರಿಗೂ ಹೆಚ್ಚು ಕೆಳಕ್ಕೆಳೆದಿರುತ್ತದೆ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಹಾಳೆಯಲ್ಲಿ ಹತ್ತು ಅಂಕದ ಚುಕ್ಕಿ ಎಷ್ಟು ದೊಡ್ಡದು ಗೊತ್ತೇ? ಅರ್ಧ ಮಿಲಿಮೀಟರ್. ಸಾಸಿವೆಕಾಳಿಗಿಂತ ಚಿಕ್ಕದು, ಹರಿವೆ ಬೀಜದ ಅರ್ಧದಷ್ಟು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇಂಥ ಚುಕ್ಕಿಗೆ ಹೊಡೆದು. ನನ್ನ ಗುಂಡುಗಳು ಬೀಳುವ ಜಾಗವನ್ನು ಚುಕ್ಕಿ ಎನ್ನಲಾಗದು, ದೋಸೆ ಎನ್ನಬಹುದು.

ಗುಂಡಿನ ಆಕಾರ ಡಮರುವಿನದು: ಎರಡು ತುದಿ ದಪ್ಪ, ನಡು ಸಣ್ಣ, ಹಿಂದಿನ ತುದಿ ಟೊಳ್ಳು. ಗಾಳಿ ಒತ್ತಿದಾಗ ಆ ಟೊಳ್ಳು ಅಂಚು ಅರಳಿ ನಳಿಗೆಯೊಳಗಿನ ಸುರುಳಿ ಗೆರೆಗಳಿಗೆ ಕಚ್ಚಿಕೊಳ್ಳುತ್ತದೆ. ನಳಿಗೆಯ ಗೆರೆ ಸಾಮಾನ್ಯವಾಗಿ ನಾನ್ನೂರು ಮಿಲಿಮೀಟರ್ ಚಿಲ್ಲರೆ ಉದ್ದಕ್ಕೆ ಒಂದು ಸುತ್ತು ತಿರುಗಿರುತ್ತದೆ. ಅಂದರೆ ಹೊರಬರುವ ಗುಂಡು ಸೆಕೆಂಡಿಗೆ ನಾನ್ನೂರರ ಸುಮಾರಿಗೆ ಬುಗುರಿ ಸುತ್ತುತ್ತಿರುತ್ತದೆ. ಅದಕ್ಕೇ ಅದು ಮಗುಚುವುದಿಲ್ಲ.

ಇದರಲ್ಲಿ ಮನುಷ್ಯನದೇ ಜಾಣತನ ಎಂದು ಬೀಗುವ ಹಾಗಿಲ್ಲ. ಗೌರಿಹೂವಿನ ಬಲಿತ ಕಾಯಿ ಮುಟ್ಟಿ ಸಿಡಿಸದೆ ದೊಡ್ಡವರಾದವರು ಮಲೆನಾಡಿನಲ್ಲಿ ಇಲ್ಲ. ಒದ್ದೆಯಾದರೆ ಚಟ್ಟನೆ ಬಿರಿಯುವ ನೇರಳೆ ಹೂವಿನ ಇನ್ನೊಂದು ಗಿಡವುಂಟು, ರುಯೆಲಿಯ. ಅದರ ಸಂಬಂಧಿಯೊಂದರ ಕಾಯಿ ಒಡೆಯುವುದನ್ನು ಅಮೆರಿಕದ ವಿಜ್ಞಾನಿಗಳು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದು 2018ರಲ್ಲಿ ವರದಿ ಮಾಡಿದರು. ಬಿಲ್ಲೆಯಂಥ ಅದರ ಬೀಜ ಏಳು ಮೀಟರ್ ದೂರ ಹಾರುತ್ತದೆ. ಹಾರುವಾಗ ಸೆಕೆಂಡಿಗೆ 1,660 ಸುತ್ತಿನವರೆಗೂ ತಿರುಗುತ್ತದೆ, ನನ್ನ ಗುಂಡಿನ ನಾಲ್ಕು ಪಟ್ಟು! ಗುಂಡು ತಿರುಗುವುದು ಮೂಗಿನ ಸುತ್ತ, ಬೀಜ ತಿರುಗುವುದು ಗಾಡಿಯ ಚಕ್ರ ಹಿಮ್ಮುಖ ಉರುಳಿದ ಹಾಗೆ. ಕೆಲಸ ಮಾತ್ರ ಒಂದೇ: ಓಲಾಡದೆ ಗಾಳಿಯನ್ನು ಸೀಳುವುದು. ಬಿದ್ದ ಮೇಲೆ ಬೀಜ ಗಿಡವಾಗುತ್ತದೆ. ಗುಂಡು ಏನಾಗುತ್ತದೆ?

ಗುಂಡು ಸೀಸದ್ದು. ಸೀಸವೇ ಏಕೆಂದರೆ ಅದು ಭಾರ, ನೀರಿನ ಹನ್ನೊಂದು ಪಟ್ಟಿಗೂ ಹೆಚ್ಚು. ಜೊತೆಗೆ ಮೆದು, ನಳಿಗೆಯ ಗೆರೆ ಅದರಲ್ಲಿ ಸುಲಭವಾಗಿ ಒತ್ತಿಕೊಳ್ಳುತ್ತದೆ. ಕಾರವಾರ, ಅಂಕೋಲೆಯ ಕಡೆ ಬೀಸುಬಲೆಯ ಅಂಚಿಗೆ ಕಟ್ಟುವುದೂ ಇದನ್ನೇ. ಆ ಮೆದುತನವೇ ಗುಂಡು ಮುಟ್ಟಿದ ಬೆರಳಿಗೆ ಬೂದು ಬಣ್ಣ ಮೆತ್ತಿಸುತ್ತದೆ.

ನಾನು ಆ ಬೆರಳಲ್ಲೇ ಎರಡನೇ ಕವಳ ಹಾಕುತ್ತಿದ್ದೆ. ಎಲೆಗೆ ಸುಣ್ಣ ಸವರುವ ಅದೇ ತೋರುಬೆರಳು.

ಸೀಸ ದೇಹಕ್ಕೆ ಹೊಕ್ಕರೆ ಕ್ಯಾಲ್ಸಿಯಂನ ವೇಷ ಹಾಕುತ್ತದೆ. ಮೂಳೆಯಲ್ಲಿ ಹೋಗಿ ಕೂರುತ್ತದೆ, ವರ್ಷಗಟ್ಟಲೆ ಅಲ್ಲಿಂದ ಅಷ್ಟಷ್ಟೇ ರಕ್ತಕ್ಕೆ ಇಳಿಯುತ್ತದೆ, ಬೆಳೆಯುವ ಮಿದುಳನ್ನು ಕೆಡಿಸುತ್ತದೆ. ಒಂದೇ ಪ್ರಮಾಣದ ಸೀಸ ಹೊಟ್ಟೆಗೆ ಹೋದರೆ ದೊಡ್ಡವರಿಗಿಂತ ಚಿಕ್ಕ ಮಕ್ಕಳು ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತಾರೆ. ಇಷ್ಟಾದರೆ ಪರವಾಗಿಲ್ಲ ಎನ್ನುವ ಸುರಕ್ಷಿತ ಮಟ್ಟವೇ ಸೀಸಕ್ಕೆ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ದೇಶ 2000ದಲ್ಲಿ ಸೀಸ ಬೆರೆಸಿದ ಪೆಟ್ರೋಲನ್ನು ಬಿಟ್ಟದ್ದು ಇದೇ ಕಾರಣಕ್ಕೆ.

ಸೊಸೆ (ತಂಗಿಯ ಮಗಳು ನಮ್ಮಲ್ಲಿ ಸೊಸೆಯೇ) ಲೆಕ್ಕದ ಪುಸ್ತಕ ಎಳೆದುಕೊಂಡಳು. ಮಳೆಗಾಲ ಬಿಟ್ಟು ವರ್ಷಕ್ಕೆ 35 ಭಾನುವಾರ, ವಾರಕ್ಕೆ 60 ಗುಂಡು, ಒಂದಕ್ಕೆ ಅರ್ಧ ಗ್ರಾಂ. ವರ್ಷಕ್ಕೆ ಒಂದು ಕಿಲೋ ಸೀಸ, ಎರಡು ವರ್ಷಕ್ಕೆ ಎರಡು. ಮಡಿಯಲ್ಲಿ ಅರ್ಧ ಅಡಿ ಆಳದವರೆಗಿನ ಮಣ್ಣು ಹೆಚ್ಚುಕಡಿಮೆ 700 ಕಿಲೋ. ಅಷ್ಟೂ ಸೀಸ ಅಷ್ಟೂ ಮಣ್ಣಿನಲ್ಲಿ ಬೆರೆತರೆ ಕಿಲೋ ಮಣ್ಣಿಗೆ 2,800 ಮಿಲಿಗ್ರಾಂಗೂ ಹೆಚ್ಚು. ಸಹಜ ಮಣ್ಣಿನಲ್ಲಿ ಸಾಮಾನ್ಯವಾಗಿ ಇರುವುದು ಹತ್ತರಿಂದ ಐವತ್ತು. ಜನ ವಾಸಿಸುವ ಜಾಗದ ಮಣ್ಣಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಟ್ಟಿದ್ದ ಎಚ್ಚರಿಕೆಯ ಗೆರೆ 400 ಇದ್ದದ್ದು, 2024ರಲ್ಲಿ 200ಕ್ಕೆ ಇಳಿಯಿತು.

"ಎಲ್ಲ ಎಲ್ಲಿ ಕರಗ್ತು? ಗುಂಡು ಗುಂಡಾಗೇ ಇರ್ತಲೆ" ಎಂದು ನಾನು ವಾದ ಹೂಡಿದೆ. ಅರ್ಧ ನಿಜ. ಮಣ್ಣು ಅಗೆದು ಒಂದು ಗುಂಡು ತೆಗೆದು ಅಂಗೈಯಲ್ಲಿಟ್ಟಳು. ಹೊಸದರ ಹೊಳಪಿಲ್ಲ, ಮೇಲೆ ಬಿಳಿ ಹುಡಿ. ಹಸಿ ಮಣ್ಣಿನ ಗಾಳಿ, ನೀರು, ಇಂಗಾಲದ ಡೈಆಕ್ಸೈಡ್ ಸೇರಿ ಸೀಸವನ್ನು ಕಾರ್ಬೊನೇಟ್ ಮಾಡಿದ ಗುರುತು ಅದು. ಹಿಂದಿನ ಕಾಲದ ಬಿಳಿ ಪೇಂಟಿನಲ್ಲಿದ್ದದ್ದೂ ಈ ಬಗೆಯ ಹುಡಿಯೇ. ಈ ಹುಡಿ ಹುಳಿ ಮಣ್ಣಿನಲ್ಲಿ ಕರಗುತ್ತದೆ. ನಮ್ಮದು ಹುಳಿ ಮಣ್ಣು.

ಹುಳಿ ಏಕೆಂದರೆ ಮಳೆ. ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರ್ ಸುರಿದು, ಸಾವಿರಾರು ವರ್ಷ ತೊಳೆದು, ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂಗಳೆಲ್ಲ ಹಳ್ಳದ ಪಾಲು. ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ. ಅದಕ್ಕೇ ಈ ಕೆಂಪು. ಮಲಬಾರಿನಲ್ಲಿ ಇಂಥ ಮಣ್ಣನ್ನು ಇಟ್ಟಿಗೆಯ ಹಾಗೆ ಕಡಿದು ಮನೆ ಕಟ್ಟುವುದನ್ನು ನೋಡಿ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಕಥನದಲ್ಲಿ ಅದನ್ನು ಲ್ಯಾಟರೈಟ್ ಎಂದು ಕರೆದ. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ 'ಲಾಟೆರ್'. ನಾವು ಚಿರೇಕಲ್ಲು ಅನ್ನುತ್ತೇವೆ.

ಒಂದು ಸಮಾಧಾನವೂ ಈ ಕೆಂಪಿನಲ್ಲೇ ಇದೆ. ಕಬ್ಬಿಣದ ಆಕ್ಸೈಡು ಕರಗಿದ ಸೀಸವನ್ನು ಮೈಗೆ ಅಂಟಿಸಿಕೊಂಡು ಹಿಡಿದಿಡುತ್ತದೆ, ಹುಳಿ ಕಡಿಮೆಯಾದಷ್ಟೂ ಹಿಡಿತ ಬಿಗಿ. ಕೊಳೆತ ಸೊಪ್ಪಿನ ಗೊಬ್ಬರವೂ ಹಾಗೇ ಹಿಡಿಯುತ್ತದೆ. ಕುಮಟೆಯ ಅಳ್ವೆಕೋಡಿಯಲ್ಲಿ ಸಿಹಿ ಈರುಳ್ಳಿ ಬೆಳೆಯುವಂಥ ಕರಾವಳಿಯ ಮರಳು ಮಣ್ಣಿಗೆ ಅಷ್ಟು ಹಿಡಿತವಿಲ್ಲ, ಬಾವಿಯ ನೀರೂ ಅಲ್ಲಿ ಕೈಗೆಟುಕುವಷ್ಟು ಮೇಲೆ. ಅಂಥ ಕಡೆ ಹಿತ್ತಲಲ್ಲಿ ಗುಂಡು ಬಿತ್ತುವವರು ನನಗಿಂತ ಹೆಚ್ಚು ಯೋಚಿಸಬೇಕು.

ಇನ್ನು ಗಿಡದ ಕಡೆ. ಬೇರಿನ ಒಳಸುತ್ತಿನಲ್ಲಿ ಮೇಣದಂಥ ಪಟ್ಟಿಯೊಂದಿದೆ, ಗಡಿ ಠಾಣೆಯ ಹಾಗೆ. ನೀರಿನ ಜೊತೆ ಬಂದ ಸೀಸದ ಬಹುಪಾಲು ಅಲ್ಲೇ ಸಿಕ್ಕಿಬೀಳುತ್ತದೆ. ಆದ್ದರಿಂದ ಕಾಯಿಗಳಿಗೆ ತಲುಪುವುದು ತೀರಾ ಕಡಿಮೆ. ಬೆಂಡೆ, ಹೀರೆ, ತೊಂಡೆ, ಬದನೆ ಸುಮಾರು ನಿಶ್ಚಿಂತೆ. ಮೂಲಂಗಿ, ಕೆಸವಿನ ಗಡ್ಡೆಯಂಥವು ಸೀಸ ಕೂತ ಜಾಗದಲ್ಲೇ ಬೆಳೆಯುವುದರಿಂದ ಅಪಾಯ ಜಾಸ್ತಿ. ಹರಿವೆ, ಬಸಳೆಯಂಥ ಸೊಪ್ಪಿನ ತಂಟೆ ಬೇರೆ: ಎಲೆಯ ಒಳಗೆ ಹೋದ ಸೀಸಕ್ಕಿಂತ ಎಲೆಯ ಮೇಲೆ ಕೂತ ಮಣ್ಣಿನದೇ ಹೆಚ್ಚು. ಆ ಮಣ್ಣು ಅಲ್ಲಿಗೆ ಏರಿದ್ದು ಹೇಗೆ? ಮಳೆ ಹೊಡೆದದ್ದು. ದಪ್ಪ ಮಳೆಹನಿ ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಒಂಬತ್ತು ಮೀಟರ್. ಒಂದೊಂದು ಹನಿಯೂ ಮಣ್ಣಿನ ಕಣಗಳನ್ನು ಮೊಣಕಾಲೆತ್ತರಕ್ಕೆ ಚಿಮ್ಮಿಸುತ್ತದೆ. ಬೇಸಿಗೆಯಲ್ಲಿ ನಾನು ಧರೆಗೆ ಹೊಡೆದದ್ದನ್ನು ಆಷಾಢದಲ್ಲಿ ಮಳೆ ಹರಿವೆಗೆ ಹೊಡೆಯುತ್ತಿತ್ತು, ಗುರಿ ತಪ್ಪದೆ.

ಅಮ್ಮ ಮಡಿಗೆ ದರಕು (ಒಣ ತರಗೆಲೆ) ಹೊದೆಸಿ, ಬಚ್ಚಲೊಲೆಯ ಬೂದಿ ಎರಚುತ್ತಿದ್ದಳು. ದರಕು ಹನಿಯ ಪೆಟ್ಟು ತಡೆದು ಮಣ್ಣು ಚಿಮ್ಮದ ಹಾಗೆ ಮಾಡುತ್ತದೆ, ಬೂದಿ ಹುಳಿ ಇಳಿಸುತ್ತದೆ. ಸೀಸ ಎಂಬ ಮಾತೇ ಇಲ್ಲದ ಕಾಲದ ಆ ರೂಢಿ ಸೀಸಕ್ಕೂ ಮದ್ದಾಗಿರುವುದು ಆಕಸ್ಮಿಕ, ಹಿರಿಯರ ವಿಜ್ಞಾನ ಎಂದು ಕುಣಿಯುವುದು ಬೇಡ. ಅಡಿಕೆ ತೋಟಕ್ಕೆ ಹಾಕುವ ರಾಕ್ ಫಾಸ್ಫೇಟಿನದೂ ಇಂಥದೇ ಉಪಕಾರ: ಅದರ ರಂಜಕ ಸೀಸದ ಜೊತೆ ಸೇರಿ ಕರಗದ ಖನಿಜವಾಗುತ್ತದೆ. ಮಣ್ಣು ಪರೀಕ್ಷೆ ಮಾಡಿಸಿದ್ದೇನೆ, ಚಿಂತೆಯಿಲ್ಲ ಎನ್ನುವವರಿಗೆ ಒಂದು ಮಾತು. 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶಗಳಿವೆ, ಸತು, ತಾಮ್ರ, ಬೋರಾನ್ ಕೂಡ ಇವೆ. ಸೀಸ ಇಲ್ಲ.

ಹರಿವೆ ಕಿತ್ತು ಎಸೆದೆವು. ರಜೆಗೆ ಬರುವ ತಂಗಿಯ ಕಿರಿ ಮಗನಿಗೆ ಹರಿವೆ ಸಾಸಿವೆ ಎಂದರೆ ಪ್ರಾಣ, ಅದನ್ನು ನೆನೆದಾಗ ಮಾತ್ರ ಹೊಟ್ಟೆಯಲ್ಲಿ ಕಸಿವಿಸಿಯಾಯಿತು. ಕೈಗವಸು ಹಾಕಿ, ನೀರು ಚಿಮುಕಿಸಿ ಧೂಳು ಅಡಗಿಸಿ, ಮಡಿಯ ಮತ್ತು ಧರೆಯ ಮಣ್ಣನ್ನು ಜರಡಿ ಹಿಡಿದೆವು. ಎರಡು ದಿನದಲ್ಲಿ ಸಿಕ್ಕಿದ್ದನ್ನು ತೂಗಿದರೆ ಒಂದು ಕಿಲೋ ಮುನ್ನೂರು ಗ್ರಾಂ. ಕರಗಿಸಿ ಗಟ್ಟಿ ಮಾಡೋಣವೆಂದು ಒಲೆ ಹಚ್ಚಲು ಹೊರಟವನನ್ನು ಸೊಸೆ ತಡೆದಳು. ಸೀಸ 327 ಡಿಗ್ರಿಗೇ ಕರಗುತ್ತದೆ, ಅದರ ಹೊಗೆ, ಹುಡಿ ಉಸಿರಿಗೆ ಹೋದರೆ ತಿಂದದ್ದಕ್ಕಿಂತ ಕೆಟ್ಟದ್ದು. ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟಿದ್ದೇನೆ.

ಈಗ ರಟ್ಟು ಹಲಸಿನ ಹಲಗೆಯ ಪೆಟ್ಟಿಗೆಯೊಂದರ ಬಾಯಿಗೆ ಬಂದಿದೆ. ಹಳೇ ಕಂಬಳಿ ತುಂಡುಗಳನ್ನು ಒಳಗೆ ಗಿಡಿದು, ಹಿಂದೆ ಕಬ್ಬಿಣದ ತಗಡು ಕೊಟ್ಟಿದ್ದೇನೆ. ಧರೆ ಅದರ ಬೆನ್ನಿಗೆ ಇದ್ದೇ ಇದೆ. ಗುಂಡು ಕಂಬಳಿಯಲ್ಲೇ ಸುಸ್ತಾಗಿ ನಿಲ್ಲುತ್ತದೆ, ತಿಂಗಳಿಗೊಮ್ಮೆ ಎಣಿಸಿ ತೆಗೆಯಬಹುದು. ತವರದ ಗುಂಡೂ ಸಿಗುತ್ತದೆ, ಹಗುರ, ದುಬಾರಿ. ನನ್ನ ಗನ್ನಿನಲ್ಲಿ ಅದು ದೋಸೆಯನ್ನು ಇನ್ನೂ ಅಗಲ ಮಾಡಿತು. ಕವಳ ಈಗ ಸೋಪು ಹಾಕಿ ಕೈ ತೊಳೆದ ಮೇಲೆ.

ಹಳೆಯ ಮಡಿಗೆ ಬೂದಿ, ಗೊಬ್ಬರ ಹಾಕಿ ಡೇರೆ ಹೂವಿನ (ಡೇಲಿಯಾ) ಗಡ್ಡೆ ನೆಟ್ಟೆ. ಈ ಮಳೆಗಾಲ ತಟ್ಟೆಯಗಲದ ಹೂಗಳು ಬಂದವು, ಕೆಂಪು ಬಳಿದ ಹಳದಿ. ಪಕ್ಕದ ಮನೆಯ ಅತ್ತಿಗೆ ಬೇಲಿಯಾಚೆಯಿಂದಲೇ ನೋಡಿ, "ಗಡ್ಡೆ ಎರಡು ಕೊಡಾ ಮಾರಾಯಾ, ಮಣ್ಣ್ ಸಮೇತ" ಅಂದರು. ಹೂಂ ಅಂದೆ. ಬಚ್ಚಲಿಗೆ ಹೋಗಿ, ಗಡ್ಡೆಗಳನ್ನು ಮೂರು ನೀರಲ್ಲಿ ತೊಳೆದು, ನೆರಳಲ್ಲಿ ಆರಿಸಿ, ಹೊಸ ಮಣ್ಣಿನ ಚಟ್ಟಿಯಲ್ಲಿಟ್ಟು ಕೊಟ್ಟೆ.