ಮಂಪರು ಬಂತೆಂದರೆ ಸ್ನಾಯು ಸಡಿಲಾಯಿತು ಎಂದಲ್ಲ

ಅರಿವಳಿಕೆ ಮದ್ದು ಪ್ರೊಪೊಫಾಲ್ ಕೊಟ್ಟು ರೋಗಿಗೆ ಪೂರ್ತಿ ಮಂಪರು ಹತ್ತಿದ ಮೇಲೆ ಮಣಿಕಟ್ಟಿನ ಅಲ್ನರ್ ನರಕ್ಕೆ ನರ್ವ್ ಸ್ಟಿಮ್ಯುಲೇಟರ್ (ನರಕ್ಕೆ ಸಣ್ಣ ವಿದ್ಯುತ್ ಮಿಡಿತ ಕೊಡುವ ಯಂತ್ರ) ಹಚ್ಚಿ ನೋಡಿ. ಹೆಬ್ಬೆರಳು ಅಂಗೈಯತ್ತ ಜೋರಾಗಿಯೇ ಸೆಳೆದುಕೊಳ್ಳುತ್ತದೆ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಹೆಚ್ಚಿನವರು ಎಡವುವುದು ಇಲ್ಲೇ. ಪ್ರೊಪೊಫಾಲ್, ಮಿಡಾಜೊಲಾಮ್‌ನಂಥ ಮಂಪರು ಮದ್ದು ಕೆಲಸ ಮಾಡುವುದು ಮಿದುಳು ಮತ್ತು ಬೆನ್ನುಹುರಿಯ ಗಾಬಾ-ಎ ರಿಸೆಪ್ಟರ್‌ಗಳ (ನರಕೋಶದ ಚಟುವಟಿಕೆ ತಗ್ಗಿಸುವ ಗ್ರಾಹಕಗಳು) ಮೇಲೆ, ಸ್ನಾಯುವಿನ ಮೇಲಲ್ಲ. ಸ್ವಿಚ್ ಆರಿಸಿದ ಮಾತ್ರಕ್ಕೆ ಪಂಪ್‌ಸೆಟ್ ಕೆಟ್ಟಂತಲ್ಲವಲ್ಲ, ಹಾಗೆ. ಕೆಟಮಿನ್ ಎಂಬ ಅರಿವಳಿಕೆಯಲ್ಲಿ ಸ್ನಾಯುಬಿಗಿ ಇಳಿಯುವ ಬದಲು ಏರುವುದೂ ಉಂಟು. ನೋವುನಿವಾರಕ ಫೆಂಟನಿಲ್ ಅನ್ನು ದೊಡ್ಡ ಡೋಸಿನಲ್ಲಿ ಸರ್ರನೆ ತಳ್ಳಿದರೆ ಎದೆಗೂಡು ಸೆಟೆದುಕೊಂಡು ಉಸಿರು ತುಂಬುವ ಬ್ಯಾಗ್ ಒತ್ತಲೂ ಆಗುವುದಿಲ್ಲ. ಅದಕ್ಕೂ ಮೂಲ ಮಿದುಳಲ್ಲೇ.

ಹಬೆಯಾಗಿ ಉಸಿರಿನೊಂದಿಗೆ ಕೊಡುವ ಅರಿವಳಿಕೆಗಳಾದ ಸೆವೋಫ್ಲುರೇನ್, ಐಸೋಫ್ಲುರೇನ್ ಮುಖ್ಯವಾಗಿ ಬೆನ್ನುಹುರಿಯಲ್ಲಿ ಚಲನೆ ತಡೆಯುತ್ತವೆ, ಜೊತೆಗೆ ಸ್ನಾಯು ಸಡಿಲಿಸುವ ಮದ್ದು ವೆಕ್ಯುರೋನಿಯಂನ ಪ್ರಭಾವವನ್ನೂ ಹೆಚ್ಚಿಸುತ್ತವೆ. ಗರ್ಭಕೋಶವನ್ನಂತೂ ನೇರವಾಗಿ ಸಡಿಲಿಸುತ್ತವೆ. ಸಿಸೇರಿಯನ್‌ನಲ್ಲಿ ಮಗು ಹೊರಬಂದ ಮೇಲೆ ಹಬೆಯ ಡಯಲ್ ಇಳಿಸದಿದ್ದರೆ ರಕ್ತಸ್ರಾವ ಹೆಚ್ಚುತ್ತದೆ.

ಇನ್ನು ನರಸ್ನಾಯು ಸಂಧಿ, ಅಂದರೆ ನರದ ತುದಿ ಸ್ನಾಯುವನ್ನು ಸೇರುವ ಜಾಗ. ವೆಕ್ಯುರೋನಿಯಂ (ಕೆಜಿಗೆ 0.1 ಮಿಗ್ರಾಂ) ಅಲ್ಲಿನ ರಿಸೆಪ್ಟರ್‌ಗಳಲ್ಲಿ, ನರದ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್‌ನ ಜಾಗ ಹಿಡಿದು ಕೂರುತ್ತದೆ. ಆದರೆ ಸುಮಾರು ಮುಕ್ಕಾಲು ಪಾಲು ರಿಸೆಪ್ಟರ್ ಮುಚ್ಚುವವರೆಗೆ ಒಂಟಿ ಸೆಳೆತ ಕುಗ್ಗುವುದೇ ಇಲ್ಲ. ಅದಕ್ಕೇ ಟ್ರೇನ್-ಆಫ್-ಫೋರ್: ಸೆಕೆಂಡಿಗೆ 2ರಂತೆ ನಾಲ್ಕು ಮಿಡಿತ ಕೊಟ್ಟು, ನಾಲ್ಕನೆಯ ಸೆಳೆತವನ್ನು ಮೊದಲನೆಯದರಿಂದ ಭಾಗಿಸಬೇಕು. ನರತುದಿಯ ರಿಸೆಪ್ಟರ್‌ಗಳೂ ಮುಚ್ಚಿರುವುದರಿಂದ ಅಸಿಟೈಲ್‌ಕೋಲಿನ್ ಬಿಡುಗಡೆ ಹಿಂದೆ ಬಿದ್ದು, ಸೆಳೆತ ಒಂದರಿಂದೊಂದಕ್ಕೆ ಕುಗ್ಗುತ್ತದೆ. ಅನುಪಾತ 0.9 ಮುಟ್ಟದೆ ಶ್ವಾಸನಾಳದ ಟ್ಯೂಬ್ ತೆಗೆಯಬೇಡಿ. 0.4 ದಾಟಿದ ಮೇಲೆ ಈ ಕುಗ್ಗುವಿಕೆ ಕಣ್ಣಿಗೂ ಕಾಣದು, ಕೈಗೂ ತಿಳಿಯದು, ಯಂತ್ರವೇ ಅಳೆಯಬೇಕು. ವಪೆ ಬೇಗ ಚೇತರಿಸಿಕೊಳ್ಳುತ್ತದೆ, ಗಂಟಲು ತಡ ಮಾಡುತ್ತದೆ. ಉಸಿರಾಟ ಚೆನ್ನಾಗಿದೆ ಎಂದು ನಂಬಿದರೆ ಜೊಲ್ಲು ಶ್ವಾಸನಾಳಕ್ಕೆ ಇಳಿದೀತು.

ರಿವರ್ಸಲ್‌ಗೆ (ಸಡಿಲಿಕೆ ಇಳಿಸಲು) ನಿಯೋಸ್ಟಿಗ್ಮಿನ್ ಕೆಜಿಗೆ 0.05 ಮಿಗ್ರಾಂ, ಜೊತೆಗೆ ನಾಡಿ ನಿಧಾನವಾಗದಿರಲು ಗ್ಲೈಕೋಪೈರೋಲೇಟ್ ಕೆಜಿಗೆ 0.01 ಮಿಗ್ರಾಂ. ನಾಲ್ಕೂ ಸೆಳೆತ ಮರಳುವ ಮುನ್ನ ಕೊಟ್ಟು, ಸಾಲಲಿಲ್ಲವೆಂದು ಡೋಸ್ ಏರಿಸುವುದು ವ್ಯರ್ಥ. ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವ ಪೂರ್ತಿ ತಡೆಗೊಂಡ ಮೇಲೆ ಔಷಧಕ್ಕೆ ಮಾಡಲು ಇನ್ನೇನೂ ಉಳಿದಿರುವುದಿಲ್ಲ. ಸ್ಕೋಲಿನ್ (ಸಕ್ಸಿನೈಲ್‌ಕೋಲಿನ್) ಎಂಬ ಇನ್ನೊಂದು ಸ್ನಾಯು ಸಡಿಲಿಸುವ ಮದ್ದಿನ ದಾರಿಯೇ ಬೇರೆ: ಮೊದಲು ಮೈಯೆಲ್ಲ ಅದುರಿ, ನಂತರ ನಾಲ್ಕು ಸೆಳೆತವೂ ಸಮನಾಗಿ ತಗ್ಗುತ್ತವೆ. ಆಗ ನಿಯೋಸ್ಟಿಗ್ಮಿನ್ ಕೊಟ್ಟರೆ ಬ್ಲಾಕ್ (ಸ್ನಾಯುವಿನ ತಡೆ) ಇನ್ನಷ್ಟು ಉದ್ದವಾಗುತ್ತದೆ.

ಸ್ನಾಯುವಿನ ಒಳಗೇ ಎಡವಟ್ಟಾಗುವುದು ಅರಿವಳಿಕೆಯಿಂದ ಮೈ ವಿಪರೀತ ಕಾಯುವ ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾದಲ್ಲಿ. ಕ್ಯಾಲ್ಸಿಯಂ ಬಿಡುವ ರೈಯನೊಡಿನ್ ಚಾನಲ್ ಹುಟ್ಟಿನಿಂದಲೇ ದೋಷವುಳ್ಳದ್ದಾಗಿದ್ದರೆ, ಸ್ಕೋಲಿನ್ ಅಥವಾ ಹಬೆ ಅರಿವಳಿಕೆ ತಗುಲಿದಾಗ ಅದು ಮುಚ್ಚಿಕೊಳ್ಳುವುದೇ ಇಲ್ಲ. ದವಡೆ ಬಿಗಿಯುತ್ತದೆ, ಕಾರ್ಬನ್ ಡೈಆಕ್ಸೈಡ್ ಏರುತ್ತದೆ. ಜ್ವರ ಬರುವುದು ಎಷ್ಟೋ ಸಲ ಆಮೇಲೆ. ಹಬೆ ನಿಲ್ಲಿಸಿ ಪ್ರೊಪೊಫಾಲ್‌ಗೆ ಬದಲಿಸಿ, ಸ್ನಾಯುವಿನಲ್ಲಿ ಕ್ಯಾಲ್ಸಿಯಂ ಬಿಡುಗಡೆ ತಡೆಯುವ ಡ್ಯಾಂಟ್ರೋಲಿನ್ ಕೆಜಿಗೆ 2.5 ಮಿಗ್ರಾಂ ಕೊಡಿ. ಹಳೆಯ ಮಾದರಿಯ 20 ಮಿಗ್ರಾಂ ವಯಲ್‌ಗೆ 60 ಮಿಲೀ ಸ್ಟೆರೈಲ್ ವಾಟರ್ ಬೇಕು, ಸಲೈನ್ ಆಗದು. 60 ಕೆಜಿ ತೂಕದವರಿಗೆ ಮೊದಲ ಡೋಸಿಗೇ ಎಂಟು ವಯಲ್. ಕುಲುಕಿ ಕರಗಿಸಲೆಂದೇ ಒಬ್ಬಿಬ್ಬರನ್ನು ನಿಲ್ಲಿಸಿಕೊಳ್ಳಿ.